ಎರಡು ಗಂಟೆಗೊಂದು ಮಗ್ಗುಲು

ನನ್ನ ಅತ್ತೆಯ ಬಗ್ಗೆ ನಾನು ಒಳ್ಳೆಯ ಮಾತು ಬರೆಯುತ್ತೇನೆಂದು ಯಾರಾದರೂ ಕಾದಿದ್ದರೆ ಅವರು ಈಗಲೇ ಪುಸ್ತಕ ಮುಚ್ಚಿಡಬಹುದು. ಅತ್ತೆ ಎಂದರೆ ಗಂಡನ ತಾಯಿಯಲ್ಲ. ನನಗೆ ಮದುವೆಯೇ ಆಗಲಿಲ್ಲ. ಅಪ್ಪನ ಅಕ್ಕ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವಳು. ನನ್ನ ಅಮ್ಮ ತೀರಿಕೊಂಡ ಮೇಲೆ ಅಡುಗೆ, ದೇವರು, ಬೀಗದ ಕೈ ಎಲ್ಲ ಅವಳದೇ ಆಯಿತು. ಎದುರಿಗೆ ನಾನು ಅವಳನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ಇಲ್ಲಿ ಏಕವಚನ. ಅಷ್ಟು ಸೇಡಾದರೂ ನನಗಿರಲಿ.

ಐವತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಕಾಸರಗೋಡು ಹೊಸ ರಾಜ್ಯಕ್ಕೆ ಸೇರಿ ಸ್ವಲ್ಪ ಕಾಲವಾಗಿತ್ತು. ಅಲ್ಲಿಂದ ಬರುವ ಕನ್ನಡದ ದಾಖಲೆಪತ್ರಗಳನ್ನು ಓದಿ ಹೇಳುವವರು ಕೊಚ್ಚಿಯ ಕೋರ್ಟಿಗೆ ಬೇಕಾಗಿದ್ದರಿಂದ ಅಪ್ಪನಿಗೆ ಅಲ್ಲಿಗೆ ವರ್ಗವಾಯಿತು. ಕಲೂರಿನಲ್ಲಿ ಬಾಡಿಗೆಗೆ ಮನೆ ಹಿಡಿದೆವು. ಬಂದು ವರ್ಷ ತುಂಬುವ ಮೊದಲೇ ನನಗೆ ಜ್ವರ ಬಂತು. ಆಗ ಹತ್ತೊಂಬತ್ತು ವರ್ಷ. ಹನ್ನೊಂದನೆಯ ದಿನ ಜ್ವರ ಬಿಟ್ಟಿತು. ಎದ್ದು ಕೂರೋಣವೆಂದರೆ ಕಾಲು ಮಾತು ಕೇಳಲಿಲ್ಲ. ಬಲಗೈಯೂ ಹಾಗೆಯೇ. ಎಡಗೈಯ ಬೆರಳುಗಳು ಮಾತ್ರ ಅಷ್ಟಿಷ್ಟು ಆಡುತ್ತಿದ್ದವು. ನೋವು, ತುರಿಕೆ, ಸೆಕೆ ಎಲ್ಲ ಮೊದಲಿನಂತೆಯೇ ಗೊತ್ತಾಗುತ್ತಿತ್ತು, ಆದರೆ ಮೂಗಿನ ಮೇಲೆ ಕೂತ ನೊಣವನ್ನು ಓಡಿಸಲು ಆಗುತ್ತಿರಲಿಲ್ಲ. ಬಾಯಿಯೊಂದು ಮೊದಲಿಗಿಂತ ಜೋರಾಯಿತು.

ನನ್ನ ಮೈ ಒರೆಸಿ, ಬಟ್ಟೆ ಬದಲಿಸಲು ಅಪ್ಪ ಒಬ್ಬಳನ್ನು ಗೊತ್ತು ಮಾಡಿದರು. ಹಿಂದೆ ಯಾವುದೋ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು, ಕ್ರೈಸ್ತ ಹೆಂಗಸು. ಎಡಪ್ಪಳ್ಳಿಯಿಂದ ನಡೆದೇ ಬರುತ್ತಿದ್ದಳು. ಅಲ್ಲಿಯವರು ಅಕ್ಕನನ್ನು ಕರೆಯುವಂತೆ ನಾನೂ ಚೇಚಿ ಎಂದೆ. ಅವಳು ನನ್ನನ್ನು ಮೋಳೇ ಎಂದಳು, ಮಗಳೇ ಎನ್ನುವ ಹಾಗೆ. ಬೆಳಿಗ್ಗೆ ಎಂಟಕ್ಕೆ ಬಂದು ಒಂಬತ್ತಕ್ಕೆ ಹೊರಡಬೇಕು. ಆ ಒಂದು ಗಂಟೆಯಲ್ಲಿ ಅವಳು ನನ್ನನ್ನು ಒರೆಸಿ, ಪೌಡರ್ ಹಾಕಿ, ಒಣ ಸೀರೆ ಸುತ್ತಿ, ಬೆತ್ತ ಹೆಣೆದ ಮಂಚದಲ್ಲಿ ಮಲಗಿಸಿ, ಕೂದಲನ್ನೂ ಬಾಚಿ ಹೋಗುತ್ತಿದ್ದಳು.

ಅವಳು ಗೇಟು ದಾಟಿದ ಸದ್ದಾದ ಕೂಡಲೇ ಅತ್ತೆ ಬರುತ್ತಿದ್ದಳು, ಕೈಯಲ್ಲಿ ಬಾವಿಯ ತಣ್ಣೀರಿನ ದೊಡ್ಡ ಚೊಂಬು. ಬೇರೆ ಜಾತಿಯವಳು ಮುಟ್ಟಿದ ಮೈ. ನನಗೆ ತಿನ್ನಿಸುವ ತಟ್ಟೆ, ಕುಡಿಸುವ ಲೋಟ ಮತ್ತೆ ಅಡುಗೆಮನೆಗೆ ಹೋಗಬೇಕಲ್ಲ! ಮಂಚದಿಂದ ಮಾರು ದೂರ ನಿಂತು, ತನಗೆ ಹನಿ ಸಿಡಿಯದಂತೆ ಎತ್ತಿ ಹಿಡಿದು, ಹೆಗಲಿನಿಂದ ಕಾಲಿನವರೆಗೆ ಸುರಿಯುತ್ತಿದ್ದಳು. ನೀರು ಬೆತ್ತದ ಸಂದಿನಲ್ಲಿ ಇಳಿದು ನೆಲಕ್ಕೆ ಹೋಗುತ್ತಿತ್ತು. ಸೀರೆ ಮಾತ್ರ ಮೈಮೇಲೇ ಒಣಗಬೇಕು. ಕೊಚ್ಚಿಯ ಹವೆಯಲ್ಲಿ ಹಗ್ಗಕ್ಕೆ ಹಾಕಿದ ಬಟ್ಟೆಯೇ ಎರಡು ದಿನಕ್ಕೆ ಒಣಗುವುದಿಲ್ಲ, ಇನ್ನು ಬೆನ್ನಡಿಯದು ಒಣಗುತ್ತದೆಯೇ? ನಾನೂ ಅದೇ ಮನೆಯಲ್ಲಿ ಹುಟ್ಟಿ ಬೆಳೆದವಳು, ಮೊದಮೊದಲು ನನಗೂ ಇದು ತಪ್ಪು ಅನಿಸಲಿಲ್ಲ. ಮಡಿ ಅಂದರೆ ಮಡಿ. ಅಪ್ಪ ಆ ಹೊತ್ತಿಗೆ ದೇವರ ಮುಂದೆ ಕೂತಿರುತ್ತಿದ್ದರು, ಎದ್ದರೆ ಊಟ, ಊಟವಾದರೆ ಕೋರ್ಟು. ಅವರಿಗೆ ಗೊತ್ತಾಗಲೇ ಇಲ್ಲ.

ಮೂರು ತಿಂಗಳಿಗೆ ನನ್ನ ಸೊಂಟದ ಹಿಂದೆ ಹುಣ್ಣಾಯಿತು. ಹಾಸಿಗೆ ಹುಣ್ಣು. ಮೊದಲು ಕೆಂಪು, ಆಮೇಲೆ ಬಿಳಿಚಿ ಚರ್ಮ ಎದ್ದಿತು, ಆಮೇಲೆ ವಾಸನೆ. ಚೇಚಿಗೆ ತಲೆಬುಡ ತಿಳಿಯಲಿಲ್ಲ. ಇಷ್ಟು ಒಣಗಿಸಿ ಹೋಗುತ್ತೇನೆ, ನಾಳೆ ಬರುವಾಗ ಮತ್ತೆ ಹಸಿಯಾಗಿರುತ್ತದೆ, ಯಾಕೆ ಮೋಳೇ ಎಂದು ಕೇಳಿದಳು. ನಾನು ಬಾಯಿ ಬಿಡಲಿಲ್ಲ. ಅವಳು ಹೋದ ಮೇಲೆ ಇಡೀ ಹಗಲು ನನಗೆ ಅತ್ತೆಯೇ ಗತಿ. ನೀರು ಬೇಕೆಂದರೂ ಅತ್ತೆ, ಬೇಡದ್ದಕ್ಕೂ ಅತ್ತೆ. ಅವಳನ್ನು ಎದುರು ಹಾಕಿಕೊಂಡು ಬದುಕುವುದು ಹೇಗೆ?

ವಾಸನೆ ಅಪ್ಪನ ಮೂಗಿಗೂ ಬಂದಾಗ ಅತ್ತೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದಳು: "ಆ ಹೆಂಗಸು ಸರಿ ಒರೆಸುದಿಲ್ಲ ತಮ್ಮಾ. ಒಂದು ಗಂಟೆಯಲ್ಲಿ ಗಡಿಬಿಡಿ ಮಾಡಿ ಓಡುದು. ನಾನು ಎಂತ ಮಾಡ್ಲಿ?"

ಅಪ್ಪ ಮರುದಿನ ಗೇಟಿನಲ್ಲೇ ಚೇಚಿಯನ್ನು ನಿಲ್ಲಿಸಿ, ಇನ್ನು ಬರಬೇಡ ಎಂದರು. ನನ್ನ ಮಂಚ ನಡುಕೋಣೆಯಲ್ಲಿತ್ತು, ಕಿಟಕಿಯಿಂದ ಗೇಟು ಕಾಣುತ್ತಿತ್ತು. ಅವಳು ಕೊಡೆ ಮಡಚಿ ಹಿಡಿದುಕೊಂಡು, ನಾನು ಏನು ತಪ್ಪು ಮಾಡಿದೆ ಸಾರ್ ಎಂದು ಕೇಳುತ್ತಿದ್ದಳು. ಕಿಟಕಿಯ ಕಡೆ ಎರಡು ಸಲ ನೋಡಿದಳು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಕಣ್ಣು ಮುಚ್ಚಿಕೊಂಡು ಮಲಗಿದೆ. ಅತ್ತೆಯ ಮೇಲಿನ ನನ್ನ ಸಿಟ್ಟಿನಲ್ಲಿ ಅರ್ಧಪಾಲು ಆ ನನ್ನ ಹೇಡಿತನದ್ದೇ. ಯಾರ ಮೇಲಾದರೂ ಹೊರಿಸಬೇಕಲ್ಲ, ಅವಳ ಮೇಲೆ ಹೊರಿಸಿದೆ.

ಹುಣ್ಣು ವೀಳ್ಯದೆಲೆಯಷ್ಟು ಅಗಲವಾದಾಗ ಅಪ್ಪ ಹೆದರಿದರು. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ನನ್ನನ್ನು ಮಲಗಿಸಿ ತಿರುವನಂತಪುರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಸೆಕ್ರೆಟೇರಿಯಟ್ಟಿನಲ್ಲಿ ಕೆಲಸಕ್ಕಿದ್ದ ದೊಡ್ಡಪ್ಪನ ಮನೆಯಲ್ಲಿ ಅಪ್ಪ, ಅತ್ತೆ ಉಳಿದರು, ನಾನು ವಾರ್ಡಿನಲ್ಲಿ. ಮೂರು ವಾರ. ಮೊದಲ ವಾರ ಮುಗಿಯುವುದರೊಳಗೆ ಹುಣ್ಣಿನ ಅಂಚು ಒಣಗತೊಡಗಿತು. ನನ್ನನ್ನು ನೋಡುತ್ತಿದ್ದ ಡಾಕ್ಟರಮ್ಮ ವಯಸ್ಸಾದವರು, ಹುಬ್ಬೂ ನರೆತಿತ್ತು. ಅಪ್ಪನನ್ನು ಮಂಚದ ಪಕ್ಕ ನಿಲ್ಲಿಸಿಕೊಂಡು ಮಲಯಾಳದಲ್ಲಿ ಕೇಳಿದರು:

"ಇದು ಒರೆಸದೆ ಆದ ಹುಣ್ಣಲ್ಲ. ತಿಂಗಳುಗಟ್ಟಲೆ ನೆನೆದ ಚರ್ಮ. ನಿಮ್ಮ ಮನೆಯಲ್ಲಿ ಇವಳ ಮೇಲೆ ನೀರು ಹಾಕುವವರು ಯಾರು?"

ಅಪ್ಪ ನನ್ನ ಮುಖ ನೋಡಿದರು. ಅತ್ತೆ ಅಲ್ಲಿರಲಿಲ್ಲ. ನಾನು ಎಲ್ಲ ಹೇಳಿದೆ: ಚೊಂಬು, ಒದ್ದೆ ಸೀರೆ, ಚೇಚಿಯ ಮೇಲೆ ಹಾಕಿದ ಸುಳ್ಳು ಅಪವಾದ. ಹೇಳುತ್ತಾ ಹೇಳುತ್ತಾ ನನಗೆ ಅಳು ಬಂತು, ಅಳುವುದಕ್ಕಿಂತ ಹೆಚ್ಚಾಗಿ ಹಲ್ಲು ಕಡಿದೆ. ಡಾಕ್ಟರಮ್ಮ ಅಪ್ಪನಿಗೆ ಕಡ್ಡಿ ಮುರಿದ ಹಾಗೆ ಹೇಳಿದರು. ಮೈ ಒಣಗಿರಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬೆಳಿಗ್ಗೆ ಒಂದು ಗಂಟೆ ಬಂದು ಹೋಗುವವರಿಂದ ಅದು ಆಗುವುದಿಲ್ಲ, ಇಡೀ ಹಗಲು ಒಬ್ಬರು ಹತ್ತಿರ ಇರಬೇಕು. ಇಲ್ಲವಾದರೆ ಹುಣ್ಣು ಎಲುಬಿಗೆ ಇಳಿಯುತ್ತದೆ, ಇಳಿದರೆ ಹುಡುಗಿ ಉಳಿಯುವುದಿಲ್ಲ.

ವಾಪಸು ಬರುವ ದಾರಿಯಿಡೀ ನಾನು ಕಾದೆ. ಅಪ್ಪ ಈಗ ಬೈಯುತ್ತಾರೆ, ಈಗ ಬೈಯುತ್ತಾರೆ. ಅತ್ತೆ ಮುಂದಿನ ಸೀಟಿನಲ್ಲಿ ಮುದುರಿ ಕೂತು ಜಪಮಾಲೆ ತಿರುಗಿಸುತ್ತಿದ್ದಳು. ಮನೆ ಸೇರಿ, ನನ್ನನ್ನು ಮಂಚಕ್ಕೆ ಹಾಕಿದ ಮೇಲೆ ಅಪ್ಪ ಗೋಡೆ ನೋಡಿಕೊಂಡು ಅಂದರು: "ಅಕ್ಕಾ, ಇನ್ನು ನೀರು ಹಾಕುದು ಬೇಡ."

"ಹಾಗಾದ್ರೆ ಈ ಮನೆಯಲ್ಲಿ ಮಡಿ ಬೇಡ ಅಂತ ಹೇಳು."

ಅಪ್ಪ ಹೇಳಲಿಲ್ಲ. ಅಷ್ಟೇ. ನನ್ನ ಜೀವ ತೆಗೆಯಲು ಹೊರಟವಳಿಗೆ ಆದ ಶಿಕ್ಷೆ ಅದು! ಕೋರ್ಟಿನಲ್ಲಿ ದಿನವಿಡೀ ಇತರರ ಜಗಳ ಓದಿ ಹೇಳುವ ಮನುಷ್ಯ, ಮನೆಯಲ್ಲಿ ಬಾಯಿಗೆ ಬೀಗ. ಸರಿ, ನೀವು ಮಾಡದಿದ್ದರೆ ನಾನು ಮಾಡುತ್ತೇನೆ ಅಂದುಕೊಂಡೆ. ಕೈಕಾಲಿಲ್ಲದವಳು ಏನು ಮಾಡಿಯಾಳು ಎಂದು ನನಗೇ ಗೊತ್ತಿರಲಿಲ್ಲ.

ಅಪ್ಪ ಒಂದು ಒಳ್ಳೆಯ ಕೆಲಸ ಮಾಡಿದರು. ಮರುದಿನ ತಾವೇ ಎಡಪ್ಪಳ್ಳಿಗೆ ಹೋಗಿ ಚೇಚಿಯ ಮನೆ ಹುಡುಕಿ, ತಪ್ಪಾಯಿತು ಎಂದು ಹೇಳಿ ಕರೆದುಕೊಂಡು ಬಂದರು. ಇನ್ನು ಮೇಲೆ ಹತ್ತರಿಂದ ಐದು. ಚೇಚಿ ಒಳಗೆ ಬಂದವಳು ಕಿಟಕಿಯ ವಿಷಯ ಎತ್ತಲಿಲ್ಲ. ಕೊಡೆಯನ್ನು ಮೂಲೆಗೆ ಇಟ್ಟು, "ತಿರುಗೋಣ ಮೋಳೇ" ಎಂದಳು. ನನಗೆ ಅವಳ ಕಾಲು ಹಿಡಿಯಬೇಕು ಅನಿಸಿತು.

ಆ ಏಳು ಗಂಟೆಗಳ ಸುಖ ಅನುಭವಿಸಿದವರಿಗೇ ಗೊತ್ತು. ಹತ್ತಕ್ಕೆ ಬಲಮಗ್ಗುಲು, ಹನ್ನೆರಡಕ್ಕೆ ಎಡಮಗ್ಗುಲು, ಎರಡಕ್ಕೆ ಅಂಗಾತ, ಸೊಂಟದಡಿಗೆ ಬಳೆಯಾಕಾರದ ಹತ್ತಿಯ ದಿಂಬು. ನಾಲ್ಕಕ್ಕೆ ಮತ್ತೆ ಬಲಕ್ಕೆ. ಮೊಣಕಾಲುಗಳ ನಡುವೆ ಒಂದು ಮೆತ್ತೆ, ಹಿಮ್ಮಡಿಯ ಕೆಳಗೆ ಸುತ್ತಿದ ಬಟ್ಟೆ, ಬೆನ್ನಿಗೆ ಆನಿಸಿ ಒಂದು ತಲೆದಿಂಬು. ನಡುನಡುವೆ ನನ್ನ ಎಡಗೈ ಹಿಡಿದು ಎತ್ತಿಸುವುದು, ಇಳಿಸುವುದು. ನೀನೇ ಎತ್ತು, ನಾನು ಬರೀ ಜೊತೆಗಿದ್ದೇನೆ ಎನ್ನುತ್ತಿದ್ದಳು. ಅತ್ತೆ ನನ್ನ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಹಿಂದೆ ಸರಿಯುತ್ತಿದ್ದಳು, ಚೇಚಿ ಉಣಿಸುತ್ತಿದ್ದಳು. ತನ್ನ ಬುತ್ತಿಯನ್ನು ಅವಳು ಹಿತ್ತಿಲ ಕಟ್ಟೆಯಲ್ಲಿ ಕೂತು ತಿನ್ನಬೇಕು. ಕಾಫಿಯ ಗ್ಲಾಸು ಬೇರೆ, ಅದರ ಜಾಗ ಕಿಟಕಿಯ ಹೊರಗಿನ ಅಂಚು. ಐದಾದ ಮೇಲೆ ಅಪ್ಪ ಬಂದು ತಿರುಗಿಸುತ್ತಿದ್ದರು. ರಾತ್ರಿಯ ಊಟವಾಗಿ ಮಡಿಯ ಕೆಲಸ ಮುಗಿದ ಮೇಲೆ ಅತ್ತೆಯೂ ತಿರುಗಿಸುತ್ತಿದ್ದಳು, ಸುಳ್ಳು ಹೇಳಬಾರದು. ಆದರೆ ಹಗಲಿಡೀ ಅವಳು ಬಾಗಿಲ ಸಂದಿನಲ್ಲಿ ನಿಂತು ಚೇಚಿಯನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಏನು ಕದಿಯುತ್ತಾಳೆಂದೋ ಏನೋ! ಅದನ್ನು ನೋಡಿದಾಗೆಲ್ಲ ನನ್ನ ಮೈ ಉರಿಯುತ್ತಿತ್ತು.

ಹುಣ್ಣು ಸಣ್ಣದಾಗುತ್ತಾ ಬಂತು. ಎಡಗೈ ಹಾಸಿಗೆಯಿಂದ ಗೇಣುದ್ದ ಮೇಲೆ ಬಂತು. ಆಗ ನನಗೆ ದಾರಿ ಕಾಣಿಸಿತು.

ಆ ಮನೆಯಲ್ಲಿ ಬಾವಿಕಟ್ಟೆಯಿಂದ ಅಡುಗೆಮನೆಗೆ ಹೋಗಲು ನಡುಕೋಣೆಯೊಂದೇ ದಾರಿ. ನನ್ನ ಮಂಚಕ್ಕೂ ಗೋಡೆಗೂ ನಡುವೆ ಒಬ್ಬರು ಹೋಗುವಷ್ಟೇ ಜಾಗ. ಅತ್ತೆ ಮಿಂದು, ಒದ್ದೆ ಮಡಿಸೀರೆಯಲ್ಲಿ ಅಡ್ಡಡ್ಡ ಸರಿದುಕೊಂಡು ದಾಟುತ್ತಿದ್ದಳು. ಒಂದು ಬೆಳಿಗ್ಗೆ, ಚೇಚಿ ಇನ್ನೂ ಬಂದಿರಲಿಲ್ಲ, ನಾನು ಉಸಿರು ಬಿಗಿಹಿಡಿದು ಎಡಗೈಯನ್ನು ಮಂಚದ ಹೊರಗೆ ಎಸೆದೆ. ಬೆರಳು ಅವಳ ನೆರಿಗೆಗೆ ತಾಗಿತು.

"ಅಯ್ಯೋ! ಮುಟ್ಟಿದಿಯಲ್ಲ ಹೆಣ್ಣೇ!"

"ಕೈ ಜಾರಿತು ಅತ್ತೆ."

ಅವಳು ತಿರುಗಿ ಬಾವಿಗೆ ಹೋದಳು. ರಾಟೆ ಕಿರುಗುಟ್ಟಿತು, ಕೊಡಪಾನ ಮುಳುಗಿತು, ತಣ್ಣೀರು ತಲೆಯ ಮೇಲೆ ಸುರಿದ ಸದ್ದು ಕೇಳಿತು. ಆಹಾ, ಆ ಸದ್ದು! ನನಗೆ ಜ್ವರ ಬಂದ ಮೇಲೆ ಮೊದಲ ಬಾರಿಗೆ ಹೊಟ್ಟೆ ತಣ್ಣಗಾಯಿತು. ಅವಳು ಮತ್ತೆ ಬಂದಳು, ನಾನು ಮತ್ತೆ ಮುಟ್ಟಿದೆ.

ಒಂದು ದಿನ ಐದು ಸಲ ಮೀಯಿಸಿದೆ. ಅವಳು ನಾನು ನಿದ್ದೆ ಮಾಡುವ ಹೊತ್ತು ನೋಡಿ ದಾಟುತ್ತಿದ್ದಳು. ನಾನು ಗೊರಕೆ ಹೊಡೆಯುವ ಹಾಗೆ ನಟಿಸಿ ಮುಟ್ಟುತ್ತಿದ್ದೆ. ಗೋಡೆಗೆ ಅಂಟಿಕೊಂಡು ನಡೆದಳು, ನನ್ನ ಕೈ ಅಷ್ಟು ಮುಂದೆ ಚಾಚಿತು. ಮಂಚ ಸರಿಸಬೇಕು ಎಂದು ಅಪ್ಪನಿಗೆ ಹೇಳಿದಳು. ಗಾಳಿ ಬರುವ ಕಡೆಯೇ ಇರಬೇಕೆಂದು ಡಾಕ್ಟರಮ್ಮ ಹೇಳಿದ್ದಾರೆ ಎಂದು ನಾನು ಸುಳ್ಳು ಬಿಟ್ಟೆ. ಅಪ್ಪ ಎರಡು ದಿನ ಊಟವಿಲ್ಲದೆ ಕೋರ್ಟಿಗೆ ಹೋದರು. ಹೋಗಲಿ, ನನಗೇನು? ಅವರಿಗೂ ಸ್ವಲ್ಪ ತಾಗಲಿ ಅಂದುಕೊಂಡೆ.

ಚೇಚಿಗೆ ಒಂದು ಮಧ್ಯಾಹ್ನ ಗೊತ್ತಾಯಿತು. ಅತ್ತೆ ನೀರು ಸುರಿಸಿಕೊಂಡು ಗೊಣಗುತ್ತಾ ದಾಟುವಾಗ ನನ್ನ ಕೈ ಹಾರಿದ್ದನ್ನು ಕಂಡಳು. "ವೇಂಡ ಮೋಳೇ, ಬೇಡ. ವಯಸ್ಸಾದವರು, ಕೆಮ್ಮು ಬೇರೆ ಇದೆ" ಎಂದು ಗದರಿದಳು. ನಿನ್ನ ಮೇಲೆ ಅಪವಾದ ಹಾಕಿದವಳಿಗೆ ನೀನೇ ವಕಾಲತ್ತು ಮಾಡುತ್ತೀಯಾ ಎಂದು ನಾನು ಕಿರುಚಿದೆ. ಅವಳು ಸುಮ್ಮನೆ ನನ್ನ ಕೈ ಹಿಡಿದು ಎತ್ತಿಸಿದಳು. ಕೈ ಎದೆಯ ಎತ್ತರಕ್ಕೆ ತಾನಾಗಿ ಬಂತು. ಚೇಚಿಯ ಕಣ್ಣು ಅರಳಿತು. ಆರು ತಿಂಗಳಲ್ಲಿ ತನ್ನಿಂದ ಆಗದ್ದನ್ನು ಈ ಹಾಳು ಸಿಟ್ಟು ಮಾಡಿಸಿತಲ್ಲ ಎಂದು ತಲೆ ಚಚ್ಚಿಕೊಂಡು ನಕ್ಕಳು. ನಾನೂ ನಕ್ಕೆ. ಆದರೂ ಅವಳು ಇರುವ ಹೊತ್ತಿನಲ್ಲಿ ಮುಟ್ಟುವುದಿಲ್ಲವೆಂದು ಆಣೆ ಹಾಕಿಸಿಕೊಂಡಳು. ಹತ್ತರ ಮೊದಲು, ಐದರ ಮೇಲೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಹೀಗಿರುವಾಗ ಅಮ್ಮನ ತಿಥಿ ಬಂತು. ಗಂಡುಮಕ್ಕಳಿಲ್ಲದ ಕಾರಣ ಅಪ್ಪನೇ ಶ್ರಾದ್ಧ ಮಾಡಬೇಕು. ದೇವಸ್ಥಾನದ ಪೂಜೆಗೆಂದು ನಮ್ಮ ಕಡೆಯಿಂದ ಬಂದು ನೆಲೆಸಿದ್ದ ಇಬ್ಬರು ಭಟ್ಟರು ಊಟಕ್ಕೆ ಬರುವವರು, ತಿರುವನಂತಪುರದಿಂದ ದೊಡ್ಡಪ್ಪನೂ ಬರುವವರು. ತಿಥಿಯ ದಿನ ಭಟ್ಟರ ಊಟ ಮುಗಿಯುವ ತನಕ ಹೊರಗಿನವರು ಹೊಸ್ತಿಲು ತುಳಿಯಬಾರದು, ಅಡುಗೆಯವಳು ಮಡಿ ಬಿಟ್ಟು ಯಾರನ್ನೂ ಮುಟ್ಟಬಾರದು. ಹಾಗಾಗಿ ಆ ದಿನ ಚೇಚಿ ಬರಬಾರದು ಎಂದು ಅತ್ತೆ ತೀರ್ಪು ಕೊಟ್ಟಳು.

"ನನ್ನನ್ನು ತಿರುಗಿಸುವವರು ಯಾರು?" ಎಂದು ಕೇಳಿದೆ.

"ಒಂದು ದಿನಕ್ಕೆ ಎಂತ ಆಗ್ತದೆ? ಸಾಯುದಿಲ್ಲ."

ಸಾಯುವುದಿಲ್ಲ! ಹುಣ್ಣು ಆಗ ಕಡಲೆ ಬೇಳೆಯಷ್ಟಕ್ಕೆ ಇಳಿದಿತ್ತು, ಇನ್ನೊಂದು ವಾರದಲ್ಲಿ ಮುಚ್ಚುತ್ತದೆ ಎಂದು ಚೇಚಿ ಹೇಳಿದ್ದಳು. ಒಂದು ಹಗಲು ಒತ್ತಿ ನೆನೆದರೆ ಅಷ್ಟೂ ನೀರಿನಲ್ಲಿ ಹೋಮ. ನಾನು ಅಪ್ಪನ ಕಡೆ ನೋಡಿದೆ. ಅವರು ಪಂಚಾಂಗ ನೋಡುತ್ತಿದ್ದರು. ನಾಳೆ ಇವಳನ್ನು ಎಲ್ಲರ ಎದುರಿಗೆ ಮುಟ್ಟುತ್ತೇನೆ, ಒಂದು ಸಲವಲ್ಲ, ಹತ್ತು ಸಲ, ಎಂದು ಆಗಲೇ ಹಠ ಹಿಡಿದೆ. ಅದು ನನ್ನ ಅಮ್ಮನ ತಿಥಿ ಎಂಬುದು ನೆನಪಿಗೇ ಬರಲಿಲ್ಲ.

ಅತ್ತೆ ನನಗಿಂತ ಜಾಣೆ. ಬೆಳಿಗ್ಗೆ ಐದೂವರೆಗೇ ಅಪ್ಪನ ಕೈಯಲ್ಲಿ ಮಂಚವನ್ನು ಎದುರಿನ ಸಣ್ಣ ಕೋಣೆಗೆ ಸಾಗಿಸಿಬಿಟ್ಟಳು. ಆ ಕೋಣೆ ಚಾವಡಿಗೆ ತಾಗಿಕೊಂಡದ್ದು. ಅಡುಗೆಮನೆ ಎಲ್ಲೋ ಹಿಂದೆ. ಅಪ್ಪ ನನ್ನನ್ನು ಎಡಮಗ್ಗುಲಿಗೆ ಮಲಗಿಸಿ ಮೀಯಲು ಹೋದರು. ಮುಖ ಗೋಡೆಗೆ. ನನ್ನ ಒಂದೇ ಒಂದು ಕೈ ನನ್ನದೇ ಮೈಯಡಿ.

ಎಂಟಾಯಿತು, ಒಂಬತ್ತಾಯಿತು. ಹತ್ತು ಹೊಡೆದಾಗ ಅಭ್ಯಾಸ ಬಲದಿಂದ ಗೇಟಿನ ಸದ್ದಿಗೆ ಕಿವಿಗೊಟ್ಟೆ. ಚಾವಡಿಯಲ್ಲಿ ಮಂತ್ರ ಶುರುವಾಗಿತ್ತು. ಹತ್ತೂವರೆಗೆ ತಡೆಯಲಾರದೆ ಒದ್ದೆ ಮಾಡಿಕೊಂಡೆ. ಬಿಸಿಯಾಗಿದ್ದದ್ದು ತಣ್ಣಗಾಯಿತು, ತಣ್ಣಗಾದದ್ದು ಉರಿಯತೊಡಗಿತು. "ಅಪ್ಪಾ" ಎಂದು ಕೂಗಿದೆ. ಮಂತ್ರ ಒಂದು ಕ್ಷಣ ತಡೆದು ಮತ್ತೆ ಮುಂದುವರಿಯಿತು. ದರ್ಭೆ ತೊಟ್ಟ ಕೈ, ಏಳುವ ಹಾಗಿಲ್ಲ. ಇನ್ನೊಮ್ಮೆ ಕೂಗಲು ನಾಚಿಕೆಯಾಯಿತು. ಹನ್ನೊಂದು, ಹನ್ನೆರಡು. ಸೊಂಟದಲ್ಲಿ ಕೆಂಡ ಇಟ್ಟ ಹಾಗೆ. ಅತ್ತೆಗೆ ಹುಳ ಬೀಳಲಿ, ಅವಳ ನಾಲಿಗೆ ಸೇದಿಹೋಗಲಿ, ಅವಳೂ ಹೀಗೇ ಬಿದ್ದು ಕೊಳೆಯಲಿ ಎಂದು ಗೋಡೆಗೆ ಮುಖ ಮಾಡಿ ಶಪಿಸುತ್ತಾ ಮಲಗಿದ್ದೆ. ಒಂದು ಶಾಪವೂ ಬಾಕಿ ಉಳಿಯಲಿಲ್ಲ.

ಆಗ ಹಿಂದೆ ಒದ್ದೆ ಸೀರೆಯ ಸರಸರ ಕೇಳಿತು. ಎಳ್ಳು ಹುರಿದ ವಾಸನೆ. ಅತ್ತೆ. ಮಡಿಯಲ್ಲಿದ್ದಳು, ಸೆರಗು ಸೊಂಟಕ್ಕೆ ಬಿಗಿದಿತ್ತು. ಬಾಗಿಲು ಮುಂದೆ ಮಾಡಿದಳು. ಏನಾಗುತ್ತಿದೆ ಎಂದು ನನಗೆ ಹೊಳೆಯುವ ಮೊದಲೇ ಎರಡು ಕೈ ನನ್ನ ಹೆಗಲು, ಸೊಂಟ ಹಿಡಿದವು. ಒದ್ದೆ ಸೀರೆ ಎಳೆದು ತೆಗೆದಳು. ಒರೆಸಿದಳು. ಹುಣ್ಣಿನ ಸುತ್ತ ಉಜ್ಜದೆ, ಬಟ್ಟೆ ಒತ್ತಿ ಒತ್ತಿ ತೇವ ತೆಗೆದಳು, ಪೌಡರ್ ಹಾಕಿದಳು. ಒಣ ಸೀರೆ ಸುತ್ತಿ, ಬಲಮಗ್ಗುಲಿಗೆ ತಿರುಗಿಸಿ, ಮೊಣಕಾಲುಗಳ ನಡುವೆ ಮೆತ್ತೆ, ಹಿಮ್ಮಡಿಗೆ ಸುತ್ತಿದ ಬಟ್ಟೆ, ಬೆನ್ನಿಗೆ ತಲೆದಿಂಬು ಇಟ್ಟಳು. ಚೇಚಿ ಮಾಡುವುದನ್ನೇ, ಚೇಚಿ ಮಾಡುವ ಕ್ರಮದಲ್ಲೇ ಮಾಡಿದಳು. ಬಾಗಿಲ ಸಂದಿನಲ್ಲಿ ನಿಂತು ಅವಳು 'ಕಾಯುತ್ತಿದ್ದದ್ದು' ಏನನ್ನು ಎಂದು ನನಗೆ ಆಗ ತಿಳಿಯಿತು.

"ಬಾಯಿ ಮುಚ್ಚಿ ಮಲಗು" ಎಂದಳು. ಮೆಲುವಾಗಿ ಅಲ್ಲ, ಗದರಿಯೇ. ಅಷ್ಟರಲ್ಲಿ ಚಾವಡಿಯಿಂದ ಅಪ್ಪ, "ಅಕ್ಕಾ, ಎಲೆ ಹಾಕುವ ಹೊತ್ತಾಯಿತು" ಎಂದು ಕರೆದರು. ಬಾವಿಗೆ ಹೋದರೆ ಯಾಕೆ ಮತ್ತೆ ಸ್ನಾನ ಎಂದು ದೊಡ್ಡಪ್ಪ ಕೇಳುತ್ತಾರೆ, ಹೊತ್ತೂ ಮೀರುತ್ತದೆ. ಅತ್ತೆ ಬಾವಿಗೆ ಹೋಗಲಿಲ್ಲ. ನೇರ ಅಡುಗೆಮನೆಗೆ ಹೋದಳು. ರಾಟೆಯ ಸದ್ದು ಬರಲಿಲ್ಲವೆಂಬುದನ್ನು ನಾನು ಚೆನ್ನಾಗಿ ಕೇಳಿಸಿಕೊಂಡೆ.

ಬಲಮಗ್ಗುಲಿಗೆ ತಿರುಗಿದ್ದರಿಂದ ಈಗ ನನಗೆ ಬಾಗಿಲ ಸಂದಿನಲ್ಲಿ ಚಾವಡಿ ಕಾಣುತ್ತಿತ್ತು. ಬಾಳೆಲೆಗಳು. ಅನ್ನ, ವಡೆ, ಎಳ್ಳುಂಡೆ, ಪಾಯಸ. ಅತ್ತೆ ಬಗ್ಗಿ ಬಡಿಸುತ್ತಿದ್ದಳು. ಭಟ್ಟರಿಬ್ಬರೂ ಊಟಕ್ಕೆ ಮೊದಲಿನ ನೀರನ್ನು ಅಂಗೈಗೆ ತೆಗೆದುಕೊಂಡರು. ಅಪ್ಪ ಕೈಮುಗಿದು ನಿಂತಿದ್ದರು.

ನನ್ನ ಮೈ ಒಣಗಿತ್ತು. ಉರಿ ಇಳಿದಿತ್ತು. ಆ ಕ್ಷಣಕ್ಕೆ ಸುಮ್ಮನಿರಲು ನನಗೆ ಯಾವ ಕಷ್ಟವೂ ಇರಲಿಲ್ಲ. ಆದರೆ ಎಷ್ಟೋ ತಿಂಗಳಿಂದ ಕಾದದ್ದು ಕೈಗೆ ಸಿಕ್ಕಿತ್ತು, ಇಂಥದ್ದು ಮತ್ತೆ ಸಿಗುವುದಿಲ್ಲ ಎಂದು ಗೊತ್ತಿತ್ತು.

"ಅತ್ತೆ ನನ್ನನ್ನು ಮುಟ್ಟಿ ಮೀಯದೆ ಬಡಿಸ್ತಾ ಇದ್ದಾರೆ" ಎಂದು ಕೂಗಿ ಹೇಳಿದೆ.

ಭಟ್ಟರ ಕೈ ಅಲ್ಲೇ ನಿಂತಿತು. ದೊಡ್ಡಪ್ಪ ತಿರುಗಿ, "ಎಂತ ಹೇಳ್ತಾಳೆ ಇವಳು?" ಎಂದರು. ಅತ್ತೆ ಸುಳ್ಳು ಹೇಳಬಹುದಿತ್ತು. ಅವಳಿಗೆ ತಲೆ ಸರಿ ಇಲ್ಲ, ಮಲಗಿ ಮಲಗಿ ಹೀಗೆ ಏನಾದರೂ ಹೇಳ್ತಾಳೆ ಎಂದಿದ್ದರೆ ಎಲ್ಲರೂ ನಂಬುತ್ತಿದ್ದರು, ಊಟ ಮುಂದುವರಿಯುತ್ತಿತ್ತು. ನಾನು ಅದಕ್ಕೂ ಉತ್ತರ ಸಿದ್ಧ ಮಾಡಿಕೊಂಡಿದ್ದೆ.

ಅವಳು ಪಾಯಸದ ಪಾತ್ರೆಯನ್ನು ಕೆಳಗಿಟ್ಟಳು.

"ಹೌದು. ಮುಟ್ಟಿದೆ. ಕೂಸು ಒದ್ದೆಯಲ್ಲಿ ಬಿದ್ದುಕೊಂಡಿತ್ತು."

ಭಟ್ಟರು ಅಂಗೈಯ ನೀರನ್ನು ಎಲೆಯ ಪಕ್ಕ ಚೆಲ್ಲಿ ಎದ್ದರು. ಇಬ್ಬರಲ್ಲಿ ಹಿರಿಯರು ಶಾಲು ಹೊದ್ದುಕೊಂಡರು. ದೊಡ್ಡಪ್ಪ ಅತ್ತೆಗೆ ಹೇಳಿದ ಮಾತುಗಳನ್ನು ಬರೆಯುವುದಿಲ್ಲ. ಅರುವತ್ತು ವರ್ಷ ಒಂದು ಮಡಿ ತಪ್ಪದ ಹೆಂಗಸು ತಲೆ ತಗ್ಗಿಸಿ ಕೇಳಿಸಿಕೊಂಡಳು. ನನಗೆ ಖುಷಿಯಾಯಿತು. ಯಾಕೆ ಸುಳ್ಳು ಹೇಳಲಿ?

ಎಲ್ಲ ಹೋದ ಮೇಲೆ ಅಪ್ಪ ನನ್ನ ಕೋಣೆಗೆ ಬಂದರು. ಈಗ ಬೈಯುತ್ತಾರೆ ಎಂದುಕೊಂಡೆ. ಅವರು ಬೈಯುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವರು ಮಂಚದ ಪಕ್ಕ ನಿಂತು, ಚಾವಡಿಯಲ್ಲಿ ಹಾಗೇ ಬಿದ್ದಿದ್ದ ಎಲೆಗಳ ಕಡೆ ನೋಡಿ ಹೇಳಿದರು:

"ಅದು ನಿನ್ನ ಅಮ್ಮನ ಊಟ, ಮಗಾ."

ಅತ್ತೆ ಮರುದಿನ ಬೆಳಿಗ್ಗೆಯೇ ಪೆಟ್ಟಿಗೆ ಕಟ್ಟಿದಳು. ಊರಿನಲ್ಲಿ ಯಾರೋ ದೂರದ ಸಂಬಂಧಿಗಳ ಮನೆ ಸೇರುವುದಾಗಿ ಹೇಳಿದಳಂತೆ. ಅಪ್ಪ ಬೇಡವೆನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ, ರೈಲು ಹತ್ತಿಸಲು ಜೊತೆಗೆ ಹೋದರು. ನನ್ನ ಕೋಣೆಯೊಳಗೆ ಅವಳು ಬರಲಿಲ್ಲ. ಅವಳು ಮಾಡಿಟ್ಟ ಗಂಜಿ ಹೊಸ್ತಿಲಲ್ಲಿ ಇತ್ತು.

ಹತ್ತಕ್ಕೆ ಚೇಚಿ ಬಂದಳು. ಬಂದವಳೇ ಕೊಡೆಯನ್ನೂ ಇಡದೆ ನನ್ನನ್ನು ತಿರುಗಿಸಿ ಹುಣ್ಣು ನೋಡಿದಳು. ಇಡೀ ರಾತ್ರಿ ಹೆದರಿ ನಿದ್ದೆ ಮಾಡಿರಲಿಲ್ಲವಂತೆ.

"ಒಣಗಿದೆ ಮೋಳೇ! ಪೂರ್ತಿ ಒಣಗಿದೆ. ನಿನ್ನೆ ಯಾರು ನೋಡಿಕೊಂಡದ್ದು?"

"ಅತ್ತೆ."

"ನಾನು ಹೇಳಿಕೊಟ್ಟಿರಲಿಲ್ಲವಲ್ಲ" ಎಂದು ಆಶ್ಚರ್ಯಪಟ್ಟಳು. ಆಮೇಲೆ ಹೆಮ್ಮೆಯಿಂದ ಮುಖ ಅರಳಿಸಿಕೊಂಡು, ಹೊಸ್ತಿಲಿನ ಗಂಜಿ ಒಳಗೆ ತಂದಿಟ್ಟು ಹೇಳಿದಳು: "ಇನ್ನು ಚಿಂತೆಯಿಲ್ಲ. ಒಂದು ದಿನ ನನಗೆ ಬರಲಾಗದಿದ್ದರೂ ಅಮ್ಮ ಇದ್ದಾರೆ."

ಬಾಯಿ ಜೋರಿನ ಹುಡುಗಿ ನಾನು. ಅವಳು ಗಂಜಿಯ ಚಮಚ ನನ್ನ ಬಾಯಿಗೆ ಹಿಡಿದಳು. ಉಪ್ಪು ಸರಿಯಾಗಿತ್ತು. ಬಟ್ಟಲು ಖಾಲಿಯಾಗುವ ತನಕ, ಅತ್ತೆ ಹೋದರು ಎಂದು ಹೇಳಲು ನನಗೆ ಆಗಲಿಲ್ಲ.